ಸೋಪಿನ ಪರೀಕ್ಷೆ

ಬೆನಕಪ್ಪನ ಫಜೀತಿಗೆ ಕಾರಣವಾದದ್ದು ಬಟ್ಟೆ ಒಗೆಯುವ ಸೋಪು. ಅವನೋ ಜನ್ಮದಲ್ಲಿ ಒಂದು ಕರವಸ್ತ್ರವನ್ನೂ ಒಗೆದವನಲ್ಲ. ನ್ಯಾಮತಿಯಲ್ಲಿ ಅವ್ವ ಒಗೆಯುತ್ತಿದ್ದಳು; ದಾವಣಗೆರೆಗೆ ಎಂ.ಬಿ.ಎ. ಓದಲು ಬಂದ ಮೇಲೆ ಹಾಸ್ಟೆಲಿನ ದೋಬಿ ಒಯ್ಯುತ್ತಿದ್ದ. ಆದರೆ ಎಂಬತ್ತೊಂದನೇ ಇಸವಿಯ ಆ ಬೇಸಿಗೆಯಲ್ಲಿ ಅವನ ಪದವಿ ನಿಂತಿದ್ದು ‘ಸಣ್ಣ ಪಟ್ಟಣದ ಗೃಹಿಣಿಯರು ಬಟ್ಟೆ ಸೋಪನ್ನು ಆರಿಸುವ ಬಗೆ’ ಎಂಬ ಪ್ರಾಜೆಕ್ಟಿನ ಮೇಲೆ.

ಅವನ ಗೈಡ್ ಪ್ರೊಫೆಸರ್ ಹಾಲೇಶಪ್ಪನವರು ಅಹಮದಾಬಾದಿನಲ್ಲಿ ಓದಿ ಬಂದವರು, ಏಪ್ರಿಲ್ ಬಿಸಿಲಿನಲ್ಲೂ ಟೈ ಬಿಚ್ಚದವರು. ಬೆನಕಪ್ಪ ಮೊದಲ ಸಲ ಬಿಸಿಲಿಗೆ ಹೆದರಿ, ಹಾಸ್ಟೆಲಿನ ಹುಡುಗರನ್ನೇ ಗೃಹಿಣಿಯರೆಂದು ಹಿಡಿದು ವರದಿ ಬರೆದುಕೊಟ್ಟಿದ್ದ. ಪ್ರೊಫೆಸರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು:

“ಏನಯ್ಯಾ, ನಿನ್ನ ಗೃಹಿಣಿಯರಲ್ಲಿ ಅರ್ಧದಷ್ಟು ಜನ ಅದೇ ಸೋಪಿನಲ್ಲಿ ಗಡ್ಡ ಬೋಳಿಸಿಕೊಳ್ತಾರೆ ಅಂತ ಬರೆದಿದ್ದೀಯಲ್ಲ?”

ಬೆನಕಪ್ಪ ವರದಿಯನ್ನು ವಾಪಸು ಇಸಿದುಕೊಳ್ಳಲು ಕೈಚಾಚಿದ.

“ಚನ್ನಗಿರಿಗೆ ಹೋಗು. ನಿಜವಾದ ಹೆಂಗಸರನ್ನ ಕೇಳು. ಶನಿವಾರ ಸಂಜೆ ನಾನೇ ಬಂದು ನೋಡ್ತೀನಿ, ಈ ಸಲ ಗೃಹಿಣಿಯರು ಸೀರೆ ಉಟ್ಟಿರ್ತಾರೋ ಇಲ್ವೋ ಅಂತ. ತುಂಬಿಸಿದ ಪ್ರಶ್ನಾವಳಿಗಳು ನನ್ನ ಕೈಗೆ ಬಂದರೆ ಸೋಮವಾರ ಸಹಿ. ಇಲ್ಲದಿದ್ರೆ ಇನ್ನೊಂದು ವರ್ಷ.”

ಇನ್ನೊಂದು ವರ್ಷ ಎಂದರೆ ಅಪ್ಪನ ಹಿಟ್ಟಿನ ಗಿರಣಿ. “ಈ ಸಲ ಪಾಸಾಗ್ಲಿಲ್ಲ ಅಂದ್ರೆ ಗಿರಣಿ ಬೆಲ್ಟು ಹಾಕಾಕೆ ಬಾ” ಎಂದು ಅಪ್ಪ ಆಗಲೇ ಹೇಳಿಯಾಗಿತ್ತು. ಗಿರಣಿಯಲ್ಲಿ ಕೂತ ಅಪ್ಪ ಹುಬ್ಬು ರೆಪ್ಪೆಗಳಲ್ಲೂ ಹಿಟ್ಟು ಕೂತು ಬೆಳ್ಳಗಿರುತ್ತಿದ್ದುದನ್ನು ನೆನೆದು ಬೆನಕಪ್ಪ ಬಸ್ಸು ಹತ್ತಿದ.

ಚನ್ನಗಿರಿಯಲ್ಲಿ ಅವನ ಸೋದರತ್ತೆ ಕಸ್ತೂರಮ್ಮನ ಮನೆ. ಶನಿವಾರ ಬೆಳಿಗ್ಗೆ ರೊಟ್ಟಿ ತಿಂದವನೇ, ಸೈಕ್ಲೋಸ್ಟೈಲ್ ಮಾಡಿಸಿದ ಪ್ರಶ್ನಾವಳಿಯ ಹಾಳೆಗಳನ್ನು ಕಂಕುಳಲ್ಲಿಟ್ಟುಕೊಂಡು ಬೀದಿಗಿಳಿದ. ಮೊದಲು ಸಿಕ್ಕಿದ್ದು ಪಕ್ಕದ ಮನೆಯ ಕೆಂಪಕ್ಕ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಎಮ್ಮೆ ಸಾಕಿ ಹಾಲು ಮಾರುತ್ತಿದ್ದ ಗಟ್ಟಿ ಹೆಂಗಸು.

“ಅಕ್ಕಾ, ಸೋಪಿನ ವಿಷಯ ಸ್ವಲ್ಪ ಕೇಳಬೇಕಿತ್ತು.”

“ಎಲ್ಲೈತೆ ಸೋಪು?”

“ಸೋಪು ತಂದಿಲ್ಲ ಅಕ್ಕಾ. ಬರೀ ಕೇಳಾಕೆ ಬಂದೀನಿ.”

“ಸೋಪು ತರದಲೆ ಸೋಪಿನ ಮಾತಾಡಾಕೆ ಬಂದೀಯಾ? ಬಿಡುವು ಜಾಸ್ತಿ ಐತೆ ಬಿಡು ನಿನಗೆ” ಎಂದು ಕೆಂಪಕ್ಕ ಎಮ್ಮೆಯ ಕಡೆ ತಿರುಗಿದಳು. ಎಮ್ಮೆ ಮಾತ್ರ ಅವನನ್ನು ಸ್ವಲ್ಪ ಹೊತ್ತು ಅನುಕಂಪದಿಂದ ನೋಡಿತು.

ಎರಡನೆಯದು ಅಡಿಕೆ ವ್ಯಾಪಾರಿ ಮಲ್ಲಿಕಾರ್ಜುನಪ್ಪನ ಮನೆ. ಬಾಗಿಲು ತೆರೆದ ಅವನ ಹೆಂಡತಿ ನಿರ್ಮಲಮ್ಮ ಮರ್ಯಾದಸ್ಥೆ; ಕುರ್ಚಿ ಹಾಕಿದಳು, ನೀರು ಕೊಟ್ಟಳು. ಬೆನಕಪ್ಪ ಉತ್ಸಾಹದಿಂದ, “ತಿಂಗಳಿಗೆ ಮನೆ ಖರ್ಚು ಎಷ್ಟಾಗುತ್ತೆ ಅಮ್ಮಾ?” ಎಂದು ಕೇಳಿದ. ಒಳಗಡೆ ಅಡಿಕೆ ಆರಿಸುತ್ತಿದ್ದ ಸದ್ದು ಟಕ್ಕನೆ ನಿಂತಿತು. ಮಲ್ಲಿಕಾರ್ಜುನಪ್ಪ ಹೊರಗೆ ಬಂದು ಕೈಮುಗಿದ. ಅವನ ಮುಖ ನೆನೆದ ಹಪ್ಪಳದ ಹಾಗಾಗಿತ್ತು.

“ಸಾಹೇಬ್ರೆ, ಈ ವರ್ಷ ವ್ಯಾಪಾರವೇ ಇಲ್ರಿ. ಒಳಗಿರೋ ಚೀಲ ನಮ್ಮವಲ್ರಿ, ನೆಂಟರು ಇಟ್ಟು ಹೋಗ್ಯಾರೆ.”

“ನಾನು ಸೇಲ್ಸ್ ಟ್ಯಾಕ್ಸಿನವನಲ್ಲ ಯಜಮಾನ್ರೆ. ಸೋಪು…”

“ಸೋಪೂ ಹಚ್ಚಲ್ರಿ ನಾವು” ಎಂದು ಮಲ್ಲಿಕಾರ್ಜುನಪ್ಪ ಆಣೆ ಮಾಡಿ, ಅವನ ಕೈಗೆ ಎರಡು ಬಾಳೆಹಣ್ಣು ಇಟ್ಟು ಬಾಗಿಲು ಹಾಕಿಕೊಂಡ.

ಟ್ಯಾಕ್ಸಿನವನು ಬಂದನೆಂಬ ಸುದ್ದಿ ಹಬ್ಬಿತೋ ಏನೋ, ಆಮೇಲೆ ಬೆನಕಪ್ಪ ಬೀದಿಯಲ್ಲಿ ಮುಂದೆ ಹೋದಂತೆಲ್ಲ ಬಾಗಿಲುಗಳು ಮುಟ್ಟಿದರೆ ಮುನಿಯ ಹಾಗೆ ತಾವಾಗಿಯೇ ಮುಚ್ಚಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಅವನ ಹತ್ತಿರ ಒಂದೂ ಹಾಳೆ ತುಂಬದ ಕಟ್ಟು, ಅಲ್ಲಲ್ಲಿ ಕೊಟ್ಟ ಒಂದು ಚಿಪ್ಪಿನಷ್ಟು ಬಾಳೆಹಣ್ಣು, ಇಷ್ಟೇ ಇತ್ತು.

“ಹೆಂಗಸರ ಮುಂದೆ ಹೋಗಿ ನಿಮ್ಮ ಬಟ್ಟೆ ಹೆಂಗೆ ಒಗೀತೀರಿ ಅಂತ ಕೇಳಿದ್ರೆ ಯಾರು ಹೇಳ್ತಾರೋ?” ಎಂದು ಕಸ್ತೂರಮ್ಮ ಬೈದಳು. “ವಿರೂಪಾಕ್ಷಪ್ಪ ಮೇಷ್ಟ್ರ ಹತ್ರ ಹೋಗಾನ ನಡಿ. ಅವರು ಒಂದು ಮಾತು ಹೇಳಿದ್ರೆ ಈ ಓಣಿನಾಗೆ ಇಲ್ಲ ಅನ್ನೋರಿಲ್ಲ.”

ಮಾತು ನಿಜ. ರಿಟೈರಾದ ಹೆಡ್‌ಮಾಸ್ಟರ್ ವಿರೂಪಾಕ್ಷಪ್ಪನವರಿಂದ ಕಿವಿ ಹಿಂಡಿಸಿಕೊಳ್ಳದ ಗಂಡಸು ಆ ಓಣಿಯಲ್ಲಿ ಇರಲಿಲ್ಲ. ರಿಟೈರಾದ ಮೇಲೆ ಪರೀಕ್ಷೆ ಮಾಡಲು ಯಾರೂ ಸಿಗದೆ ಅವರು ಸೊರಗಿದ್ದರು. ಪ್ರಶ್ನಾವಳಿಯನ್ನು ಕೈಗೆ ತೆಗೆದುಕೊಂಡದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು.

“ಇದು ನಮ್ಮೂರಿಗೆ ಮಾತ್ರನೋ?”

ಬೆನಕಪ್ಪ ಇಲ್ಲೊಂದು ಸುಳ್ಳು ಹೇಳಿದ್ದರೆ ಬದುಕಿಕೊಳ್ಳುತ್ತಿದ್ದ. “ಇಲ್ಲ ಸಾರ್, ಹೊನ್ನಾಳೀಲಿ ನನ್ನ ಫ್ರೆಂಡ್ ಜುಂಜಪ್ಪ ಮಾಡ್ತಿದಾನೆ. ಆಮೇಲೆ ಎರಡೂ ಊರು ಹೋಲಿಸಿ ನೋಡ್ತಾರೆ” ಎಂದ.

“ಹೋಲಿಸ್ತಾರಾ? ಶೇಕಡಾವಾರು ಹಾಕಿ?”

“ಹೌದು ಸಾರ್, ಶೇಕಡಾವಾರೇ.”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಹೊನ್ನಾಳಿಗಿಂತ ನಮ್ಮೂರಿಗೆ ಒಂದು ಮಾರ್ಕೂ ಕಡಿಮೆ ಬರಬಾರದು. ಕಸ್ತೂರಮ್ಮ, ಓಣಿಯ ಹೆಂಗಸರಿಗೆಲ್ಲ ಹೇಳು. ಊಟ ಮುಗಿಸಿ ನಮ್ಮನೆ ಪಡಸಾಲೆಗೆ ಬರಬೇಕು. ಪೆನ್ನು ಅವರವರೇ ತರಬೇಕು.”

ಮೂರು ಗಂಟೆಗೆ ಪಡಸಾಲೆ ತುಂಬಿತು. ಬೆಳಿಗ್ಗೆ ಬಾಗಿಲು ಹಾಕಿದವರೆಲ್ಲ ತಲೆ ಬಾಚಿಕೊಂಡು ಬಂದಿದ್ದರು. ಬೆನಕಪ್ಪ ಸಂತೋಷದಿಂದ ತಲೆಗಳನ್ನು ಎಣಿಸಿದ. ಎಲ್ಲರೂ ಸೀರೆ ಉಟ್ಟ ನಿಜವಾದ ಗೃಹಿಣಿಯರು. ಆದರೆ ಮೇಷ್ಟ್ರು ಗೋಡೆಗೊಂದು ಕರಿಹಲಗೆ ಒರಗಿಸಿ ಸೀಮೆಸುಣ್ಣ ಹಿಡಿದಾಗ ಆ ಸಂತೋಷ ಸ್ವಲ್ಪ ಇಳಿಯಿತು.

“ಒಂದನೇ ಪ್ರಶ್ನೆ. ಬಟ್ಟೆ ಒಗೆಯಲು ಏನು ಬಳಸುತ್ತೀರಿ? ಉತ್ತರ: ಶುದ್ಧವಾದ ನೀರು ಮತ್ತು ಉತ್ತಮವಾದ ಸೋಪು. ಬರ್ಕೊಳ್ರಿ. ಎರಡನೇ ಪ್ರಶ್ನೆ. ಸೋಪು ಕೊಳ್ಳುವ ತೀರ್ಮಾನ ಯಾರದು? ಉತ್ತರ: ಮನೆಯ ಯಜಮಾನರದು.”

“ನಮ್ಮ ಯಜಮಾನ್ರು ಸತ್ತು ಆರು ವರ್ಷ ಆತಲ್ರಿ ಮೇಷ್ಟ್ರೆ,” ಎಂದಳು ಕೆಂಪಕ್ಕ. “ಸೋಪು ನಾನೇ ತರೋದು.”

“ತರೋದು ನೀನೇ ಇರಬಹುದು. ತೀರ್ಮಾನ ಅವರದೇ. ಬರಿ.”

ಬೆನಕಪ್ಪ ಮೆಲ್ಲಗೆ ಎದ್ದ. “ಸಾರ್, ಇದಕ್ಕೆ ಸರಿ ಉತ್ತರ ಅಂತ ಒಂದಿಲ್ಲ. ಅವರವರಿಗೆ ಅನಿಸಿದ್ದು ಬರೀಬೇಕು.”

“ಅನಿಸಿದ್ದು ಬರೆಯೋದಾದ್ರೆ ನಾನು ಮೂವತ್ತು ವರ್ಷ ಬೆತ್ತ ಯಾಕೆ ಹಿಡೀತಿದ್ದೆ? ಕೂತ್ಕೊ. ಮೂರನೇ ಪ್ರಶ್ನೆ. ಒಂದು ಸೋಪನ್ನು ಬಿಟ್ಟು ಇನ್ನೊಂದಕ್ಕೆ ಹೋದದ್ದುಂಟೆ? ಉತ್ತರ: ನಾವು ಅಂಥವರಲ್ಲ.”

ನಿರ್ಮಲಮ್ಮ ಈ ಉತ್ತರಕ್ಕೆ ಎರಡು ಗೆರೆ ಎಳೆದಳು.

“ನಾಲ್ಕನೇದು, ಕೊನೇದು. ಸೋಪಿನ ಬೆಲೆ ಹೆಚ್ಚಾದರೆ ಏನು ಮಾಡುತ್ತೀರಿ? ಉತ್ತರ: ಸಹಕರಿಸುತ್ತೇವೆ.”

ಹಲಗೆ ಒರೆಸಿ, ಇನ್ನೊಂದು ಸಲ ಬಾಯಿಪಾಠ ಒಪ್ಪಿಸಿಕೊಂಡು, ಹೊಸ ಹಾಳೆಗಳ ಮೇಲೆ ಪರೀಕ್ಷೆ ನಡೆಯಿತು. ಬರೆಯಲು ಬಾರದವರು ಬಾಯಲ್ಲಿ ಹೇಳಿದರು, ಕಸ್ತೂರಮ್ಮ ಬರೆದಳು. ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿ ನೂರಕ್ಕೆ ನೂರು ಹಾಕುತ್ತ ಹೋದರು. ಇಡೀ ಓಣಿಯಲ್ಲಿ ಎರಡನೆಯ ಅಭಿಪ್ರಾಯವೇ ಇರಲಿಲ್ಲ. ಇದರಿಂದ ಯಾವ ಪಟ್ಟಿ, ಯಾವ ಸರಾಸರಿ ತೆಗೆಯುವುದೆಂದು ಬೆನಕಪ್ಪನಿಗೆ ತಿಳಿಯಲಿಲ್ಲ. ಆದರೂ ತುಂಬಿದ ಹಾಳೆ ತುಂಬಿದ ಹಾಳೆಯೇ ಎಂದುಕೊಂಡು ಕೈಚಾಚಿದ.

“ಕೊಡಿ ಸಾರ್, ನಮ್ಮ ಪ್ರೊಫೆಸರ ಬಸ್ಸು ಬರೋ ಹೊತ್ತಾಯ್ತು.”

“ನೀನು ಬರ್ದಿಲ್ಲವಲ್ಲ?”

“ನಾನು ಪ್ರಶ್ನೆ ತೆಗೆದವನು ಸಾರ್.”

“ಪ್ರಶ್ನೆ ತೆಗೆದವನಿಗೆ ಉತ್ತರ ಗೊತ್ತಿರಬೇಡ್ವಾ? ಬರಿ.”

ಬೆನಕಪ್ಪ ಆತುರದಲ್ಲಿ ನಿಜವನ್ನೇ ಬರೆದ. ಬಟ್ಟೆ ದೋಬಿ ಒಗೆಯುತ್ತಾನೆ, ತೀರ್ಮಾನ ದೋಬಿಯದು, ಉಳಿದದ್ದೂ ದೋಬಿಗೆ ಗೊತ್ತು. ಮೇಷ್ಟ್ರು ಓದಿ, ಹಾಳೆಯ ತಲೆಯ ಮೇಲೆ ಸೊನ್ನೆ ಸುತ್ತಿದರು. ಸೊನ್ನೆ ತಟ್ಟೆ ಇಡ್ಲಿಯಷ್ಟು ದೊಡ್ಡದಿತ್ತು.

“ಫೇಲಾದವನ ಕೈಗೆ ಪಾಸಾದವರ ಪೇಪರು ಕೊಡಾಕೆ ಬರಲ್ಲ” ಎಂದು ಕಟ್ಟನ್ನು ತಮ್ಮ ಪಕ್ಕಕ್ಕೆ ಇಟ್ಟುಕೊಂಡರು.

ಬೆನಕಪ್ಪ ಬಸ್‌ಸ್ಟ್ಯಾಂಡಿಗೆ ಓಡಿದ. ದಾವಣಗೆರೆ ಬಸ್ಸು ತಡವಾಗಿ ಬಂದು ಪ್ರೊಫೆಸರನ್ನು ಧೂಳಿನ ಸಮೇತ ಇಳಿಸಿತು. ಕತೆ ಕೇಳಿದ ಪ್ರೊಫೆಸರು ಟೈ ಬಿಗಿ ಮಾಡಿಕೊಂಡರು.

“ಯಾರಯ್ಯ ಅವರು? ರಿಸರ್ಚ್ ಅಂದ್ರೆ ಏನು ಅಂತ ಅವರಿಗೆ ಐದು ನಿಮಿಷದಲ್ಲಿ ತಿಳಿಸ್ತೀನಿ, ನಡಿ.”

ಅವರು ನಡೆದ ರಭಸಕ್ಕೆ ಬೆನಕಪ್ಪನ ಎದೆ ಹಗುರಾಯಿತು. ಕಡೆಗೂ ಒಬ್ಬರು ವಿದ್ಯಾವಂತರು ಬಂದಿದ್ದಾರೆ, ಇನ್ನು ಹಾಳೆಗಳು ಕೈಗೆ ಬಂದ ಹಾಗೆಯೇ ಎಂದುಕೊಂಡ. ಪ್ರೊಫೆಸರು ಪಡಸಾಲೆಯ ಹೊಸ್ತಿಲು ದಾಟಿ, “ನೋಡಿ ಮಿಸ್ಟರ್…” ಎಂದು ಶುರು ಮಾಡಿದರು. ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು.

“ಯಾರು, ಹಾಲೇಶಿ?”

ಪ್ರೊಫೆಸರ ಕೈಯಿಂದ ಚರ್ಮದ ಚೀಲ ಜಾರಿತು. ಬಂದ ದಾರಿಯಲ್ಲೇ ಹಿಂದೆ ಸರಿದು, ಬೂಟು ಬಿಚ್ಚಿ, ಕಾಲುಚೀಲದಲ್ಲಿ ಒಳಗೆ ಬಂದು ನಿಂತರು.

“ಹೌದು ಸಾರ್.”

“ಬಸವಾಪಟ್ಟಣದಿಂದ ದಿನಾ ಲೇಟಾಗಿ ಸ್ಕೂಲಿಗೆ ಬರ್ತಿದ್ದ ಹಾಲೇಶಿ ತಾನೆ? ಈಗ ಯಾಕೆ ಲೇಟು?”

“ಬಸ್ಸು ಲೇಟು ಸಾರ್.”

“ಉತ್ತರ ಬದಲಾಗಿಲ್ಲ. ಎಷ್ಟು ಓದಿದೀಯಾ?”

“ಅಹಮದಾಬಾದಿನಲ್ಲಿ ಸಾರ್…”

“ಊರು ಕೇಳ್ಲಿಲ್ಲ ನಾನು.”

ಬೆನಕಪ್ಪ ಪ್ರೊಫೆಸರ ಅಂಗಿಯ ತೋಳು ಹಿಡಿದು ಜಗ್ಗಿದ. ಪ್ರೊಫೆಸರು, “ಸಾರ್, ಈ ಹುಡುಗನ ಪೇಪರು…” ಎಂದರು.

“ಅದು ಆಮೇಲೆ. ಇವನಿಗೆ ಪಾಠ ಹೇಳಿದವನು ನೀನೇನಾ? ಹಂಗಾದ್ರೆ ಮೊದಲು ನೀನು ಬರಿ.”

ಪ್ರೊಫೆಸರು ಬೆಂಚಿನ ತುದಿಗೆ ಕೂತು ಬರೆದರು. ಮೇಷ್ಟ್ರು ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು. “ಸೋಪು ಕೊಳ್ಳುವ ತೀರ್ಮಾನ: ನನ್ನ ಹೆಂಡತಿಯದು.” ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. “ಒಂದು ಸೋಪನ್ನು ಬಿಟ್ಟು ಇನ್ನೊಂದಕ್ಕೆ ಹೋದದ್ದುಂಟೆ: ಹೌದು, ಎರಡು ಸಲ.”

ಎರಡು ಸಂಸಾರ ಮಾಡಿದವನನ್ನು ನೋಡುವ ಹಾಗೆ ನಿರ್ಮಲಮ್ಮ ಪ್ರೊಫೆಸರನ್ನು ನೋಡಿದಳು. ಕೆಂಪಕ್ಕ ಮಾತ್ರ, “ನೋಡಾಕೆ ಒಳ್ಳೇರಂಗೆ ಕಾಣ್ತಾರೆ, ಪಾಪ” ಎಂದಳು.

“ಫೇಲು” ಎಂದರು ಮೇಷ್ಟ್ರು. “ನೀವಿಬ್ಬರೂ ಕೂಡ್ರಿ. ಇನ್ನೊಂದು ಅವಕಾಶ ಕೊಡ್ತೀನಿ. ಕಸ್ತೂರಮ್ಮ, ಇಬ್ಬರಿಗೂ ಉತ್ತರ ಒಂದು ಸಲ ಹೇಳು.”

ಕಸ್ತೂರಮ್ಮ ಸೋದರಳಿಯನ ಭವಿಷ್ಯ ನೆನೆದು ಸ್ಪಷ್ಟವಾಗಿಯೇ ಹೇಳಿದಳು. ಗುರು ಶಿಷ್ಯರಿಬ್ಬರೂ ಒಂದೇ ಬೆಂಚಿನ ಮೇಲೆ ಬಗ್ಗಿ ಬರೆಯತೊಡಗಿದರು. ಬೆನಕಪ್ಪ ಈಗ ಬುದ್ಧಿವಂತನಾಗಿದ್ದ. ಯಜಮಾನರದು, ಅಂಥವರಲ್ಲ, ಸಹಕರಿಸುತ್ತೇವೆ, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಬರೆದು ಮುಗಿಸಿ ಎದ್ದೇಳಬೇಕು, ಆಗ ಪಕ್ಕದಿಂದ ಸೊಳ್ಳೆಯಷ್ಟು ಸಣ್ಣ ದನಿ ಕೇಳಿಸಿತು.

“ಬೆನಕಪ್ಪ, ನಾಲ್ಕನೇದು ಏನು?”

ಪ್ರೊಫೆಸರ ಹಣೆಯಿಂದ ಬೆವರು ಟೈ ಮೇಲೆ ಇಳಿಯುತ್ತಿತ್ತು. ಬೆನಕಪ್ಪನಿಗೆ ಅಯ್ಯೋ ಅನಿಸಿತು. ಜೊತೆಗೆ, ಸೋಮವಾರ ಸಹಿ ಹಾಕುವ ಕೈ ಇದೇ ಅಲ್ಲವೇ ಎಂಬ ಲೆಕ್ಕವೂ ಬಂತು. ಹಾಳೆಯನ್ನು ಒಂದು ಗೇಣು ಆ ಕಡೆ ಸರಿಸಿದ. ಪ್ರೊಫೆಸರು ‘ಸಹಕರಿಸುತ್ತೇವೆ’ ಎಂದು ಮುದ್ದಾಗಿ ಬರೆದುಕೊಂಡರು. ಅದೇ ಹೊತ್ತಿಗೆ ಹಿಂದಿನಿಂದ ಒಂದು ಕೈ ಬಂದು ಬೆನಕಪ್ಪನ ಹಾಳೆಯನ್ನು ಎತ್ತಿಕೊಂಡಿತು.

“ಡಿಬಾರ್” ಎಂದರು ಮೇಷ್ಟ್ರು.

“ಸಾರ್, ಕೇಳಿದ್ದು ಅವರು ಸಾರ್.”

“ಕೇಳೋರು ಎಲ್ಲಾ ಕಡೆ ಇರ್ತಾರೆ. ತೋರಿಸಿದವನದು ತಪ್ಪು.”

ಬೆನಕಪ್ಪ ಪ್ರೊಫೆಸರ ಕಡೆ ನೋಡಿದ. ಪ್ರೊಫೆಸರು ತೊಲೆಯ ಮೇಲಿದ್ದ ಹಲ್ಲಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಮೇಷ್ಟ್ರು ಅವರ ಹಾಳೆ ತಿದ್ದಿ ನೂರಕ್ಕೆ ನೂರು ಹಾಕಿದರು. ಹೆಂಗಸರು ಚಪ್ಪಾಳೆ ತಟ್ಟಿದರು. ನಿರ್ಮಲಮ್ಮ ಎರಡು ಸೋಪುಗಳ ವಿಷಯ ಕ್ಷಮಿಸಿ, ಒಂದು ಬಟ್ಟಲು ಖಾರ ಮಂಡಕ್ಕಿ ತಂದುಕೊಟ್ಟಳು. ಪಾಸಾದವರ ಕೈಗೆ ಪೇಪರು ಕೊಡಲು ಅಡ್ಡಿಯಿಲ್ಲವೆಂದು ಮೇಷ್ಟ್ರು ಇಡೀ ಕಟ್ಟನ್ನು ಪ್ರೊಫೆಸರಿಗೇ ಒಪ್ಪಿಸಿದರು.

ಕಟ್ಟು ಹೊತ್ತುಕೊಂಡು ಬೆನಕಪ್ಪ ಬಸ್‌ಸ್ಟ್ಯಾಂಡಿನವರೆಗೆ ಹಿಂದೆಯೇ ಬಂದ. ಹೇಗಾದರೇನು, ಹಾಳೆಗಳು ಪ್ರೊಫೆಸರ ಕೈ ಸೇರಿದವಲ್ಲ ಎಂದು ಅವನಿಗೆ ಸಮಾಧಾನವಾಗಿತ್ತು. ಬಸ್ಸು ಬಂದು ನಿಂತಿತು. ಪ್ರೊಫೆಸರು ತಮ್ಮ ಉತ್ತರದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಕಿಸೆಯಲ್ಲಿಟ್ಟುಕೊಂಡರು. ಅಷ್ಟು ವರ್ಷ ಅಹಮದಾಬಾದಿನ ಹದದಲ್ಲಿದ್ದ ಅವರ ಮಾತು ಒಂದೇ ಸಂಜೆಗೆ ಬಸವಾಪಟ್ಟಣಕ್ಕೆ ವಾಪಸು ಬಂದಿತ್ತು.

“ಸಾರ್, ಸೋಮವಾರ ಸಹಿಗೆ ಎಷ್ಟೊತ್ತಿಗೆ ಬರ್ಲಿ?”

“ನೋಡಪಾ ಬೆನಕಪ್ಪ, ಸಹಿ ಹಾಕಬೇಕು ಅಂತ ನನಗೂ ಆಸೆ ಐತೆ. ಆದ್ರೆ ಮೇಷ್ಟ್ರು ಡಿಬಾರ್ ಮಾಡಿದ ಹುಡುಗನ್ನ ನಾನು ಹೆಂಗೆ ಪಾಸ್ ಮಾಡ್ಲಿ?” ಎಂದ ಪ್ರೊಫೆಸರು, ಅವನ ಕೈಯಿಂದ ಕಟ್ಟನ್ನು ತೆಗೆದುಕೊಂಡು ಬಸ್ಸಿನ ಮೆಟ್ಟಿಲು ಹತ್ತಿದರು. “ಬರೋ ವರ್ಷ ಚೆನ್ನಾಗಿ ಓದ್ಕೊಂಡು ಬಾ.”