ಅಶೋಕ ಅಳುವ ಸೀನು

ಕಳಿಂಗ ಯುದ್ಧದಲ್ಲಿ ಸಾಯುವ ಪಾತ್ರಗಳೆಲ್ಲ ಕೇರಿಯ ಮಕ್ಕಳಿಗೆ ಹೋದವು. ಅಶೋಕ, ಮಂತ್ರಿ, ಸೇನಾಪತಿ, ಅಷ್ಟೇಕೆ, ಅಶೋಕನ ಹಿಂದೆ ಛತ್ರಿ ಹಿಡಿದು ಸುಮ್ಮನೆ ನಿಲ್ಲುವವನ ಪಾತ್ರವೂ ಊರೊಳಗಿನ ಮಕ್ಕಳಿಗೆ ಹೋಯಿತು. ಹಂಚಿದವನು ಅತಿಥಿ ಶಿಕ್ಷಕ ಶಿವಪ್ರಸಾದ. ಅವನು ಹುಟ್ಟಿದ್ದೂ ಅಂಥದೇ ಒಂದು ಕೇರಿಯಲ್ಲಿ, ಮಸ್ಕಿಯಲ್ಲಿ.

‘ಜಗತ್ತನ್ನು ಬದಲಿಸಿದ ಮಹನೀಯರು’ ಎಂದು ಶಾಲೆಗೊಂದು ಕಾರ್ಯಕ್ರಮ ಮಾಡಿಸಬೇಕೆಂದು ಮೇಲಿನಿಂದ ಹೇಳಿಕಳಿಸಿದ್ದರು. ಜವಳಗೇರಾ ದಾಟಿ ಕಾಲುವೆ ಗುಂಟ ಒಳಗೆ ಹೋದರೆ ಸಿಗುವ ಆ ಊರಿನ ಶಾಲೆಯ ಪಾಲಿಗೆ ಅಶೋಕ ಬಂದ. ನಾಟಕ ಬರೆಯುವ, ಕಲಿಸುವ, ಬೈಸಿಕೊಳ್ಳುವ ಕೆಲಸಗಳು ಶಿವಪ್ರಸಾದನ ಪಾಲಿಗೆ ಬಂದವು.

ಪಾತ್ರ ಹಂಚುವ ದಿನ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ ಸೂಗಪ್ಪ ತಾನೇ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮುಖ್ಯೋಪಾಧ್ಯಾಯಿನಿ ಶೈಲಜಾ ಅವರೊಂದಿಗೆ ಮಾತಾಡುವಾಗ ಅವನ ಬಾಯಲ್ಲಿ ‘ರೀ’ ಇರುತ್ತಿತ್ತು. ಶಿವಪ್ರಸಾದನ ಕಡೆ ತಿರುಗಿದ ಕೂಡಲೇ ಅದು ಉದುರಿಹೋಗುತ್ತಿತ್ತು.

"ರಾಜನ ಪಾರ್ಟ್ ನಮ್ಮ ಚನ್ನೂಗೆ ಕೊಡು ಮಾಸ್ತರ. ಹೆಣಕ್ಕ ಕೇರಿ ಹುಡುಗ್ರನ್ನ ಹಾಕು. ಮಣ್ಣಾಗ ಬೀಳಾಕ ಅವಕ್ಕ ರೂಢಿ ಐತಿ."

ಚನ್ನು ಅಂದರೆ ಸೂಗಪ್ಪನ ಮೊಮ್ಮಗ, ಏಳನೇ ಇಯತ್ತೆ. ಶಿವಪ್ರಸಾದ ತಲೆ ಆಡಿಸಿದ. ಮುಂದಿನ ವರ್ಷವೂ ಅತಿಥಿ ಶಿಕ್ಷಕನಾಗಿ ಉಳಿಯಬೇಕೆಂದರೆ ಈ ಊರಿನಲ್ಲಿ ಸೂಗಪ್ಪ ಹೂಂ ಅನ್ನಬೇಕಿತ್ತು. ಆದರೆ ತಲೆ ಆಡಿಸುವಾಗ ಅವನೊಳಗೆ ಒಂದು ಸಣ್ಣ ಸಮಾಧಾನ ಇತ್ತು. ನಾಟಕದ ಕೊನೆಗೆ ಅಶೋಕ ಬಂದು ಆ ಹೆಣಗಳ ಮುಂದೆ ಮಂಡಿಯೂರಿ ಅಳುತ್ತಾನೆ. ಸೂಗಪ್ಪನ ಮೊಮ್ಮಗ, ಕೇರಿಯ ಮಕ್ಕಳ ಮುಂದೆ, ಇಡೀ ಊರು ನೋಡುವಾಗ. ಆ ಒಂದು ಸೀನಿಗಾಗಿ ಅವನು ಉಳಿದದ್ದನ್ನೆಲ್ಲ ನುಂಗಿಕೊಂಡ.

ಆಮೇಲೆ ಮಕ್ಕಳನ್ನು ಮಸ್ಕಿಗೆ ಕರೆದುಕೊಂಡು ಹೋಗಿ ಅಶೋಕನ ಬಂಡೆ ತೋರಿಸಿದ. ಗುಂಪಿನಲ್ಲಿ ಸುಕನ್ಯಾ ಇದ್ದಳು. ಸಿಂಧನೂರಿನಲ್ಲಿ ಬಸ್ ಕಂಡಕ್ಟರ್ ಆಗಿರುವ, ಕೇರಿಯ ಲಾಲಪ್ಪನ ಮಗಳು. ಅಪ್ಪ ಟಿಕೆಟ್ ತೆಗೆಯದವರನ್ನು ಬಿಡುವುದಿಲ್ಲ. ಮಗಳು ಉತ್ತರ ಕೊಡದವರನ್ನು ಬಿಡುತ್ತಿರಲಿಲ್ಲ.

"ಸರ್, ಅತ್ತೀನಿ ಅಂತ ಇದ್ರಾಗ ಬರ್ಸ್ಯಾನನ್ರೀ?"

"ಇಲ್ಲವ್ವ. ಇದ್ರಾಗ ಅವನ ಹೆಸ್ರು ಐತಿ. ಕಳಿಂಗದ ಸಂಕಟದ ಮಾತು ಬ್ಯಾರೆ ಕಡಿ ಬಂಡೆ ಮ್ಯಾಲ ಐತಿ."

"ಸತ್ತೋರ ಊರಾಗ ಐತನ್ರೀ?"

ಶಿವಪ್ರಸಾದ ತಲೆ ಕೆರೆದುಕೊಂಡ. "ಕಳಿಂಗದಾಗೂ ಬಂಡೆ ಮ್ಯಾಲ ಬರ್ಸ್ಯಾನ. ಆದ್ರ ಈ ಮಾತು ಅಲ್ಲಿ ಬರ್ಸಿಲ್ಲ."

"ಮತ್ತ ಸತ್ತೋರಿಗೆ ಹೆಂಗ ಗೊತ್ತಾಗಬೇಕ್ರೀ, ಅತ್ತಾನಂತ?"

"ಅದಕ್ಕ ನಾವು ನಾಟಕ ಮಾಡಾಕತ್ತೀವಿ. ನೀವು ಬಿದ್ದಿರ್ತೀರಿ. ಅಶೋಕ ಬಂದು ನಿಮ್ಮ ಮುಂದ ಅಳ್ತಾನ. ಆವಾಗ ನೀವು ಏಳ್ರಿ. ಅಲ್ಲೀತನಕ ಸಿಡ್ಲು ಬಡದ್ರೂ ಏಳಬ್ಯಾಡ್ರಿ."

ಕೊನೆಯ ಮಾತನ್ನು ಆಡಬಾರದಿತ್ತು ಎಂದು ಅವನಿಗೆ ಅನಿಸಿದ್ದು ನಾಟಕದ ದಿನ.

ಆ ದಿನದ ಗದ್ದಲಕ್ಕೆ ಮೂಲ ಒಂದು ಸಣ್ಣ ಡಬ್ಬಿ. ಚನ್ನುಗೆ ಅಳಲು ಬರುತ್ತಿರಲಿಲ್ಲ. ತಾಲೀಮಿನಲ್ಲಿ ಹೆಣ ಕಂಡರೆ ಸಾಕು, ಹಲ್ಲು ಬಿಡುತ್ತಿದ್ದ. ಕೊನೆಗೆ ಶಿವಪ್ರಸಾದ ತಲೆನೋವಿನ ಮುಲಾಮಿನ ಡಬ್ಬಿ ಕೊಟ್ಟು, "ಕಣ್ಣಿನ ಕೆಳಗ ಸಾಸವಿ ಕಾಳಿನಷ್ಟು ಹಚ್ಚಿಕೋ, ನೀರು ತಾನ ಬರತಾವ" ಎಂದಿದ್ದ. ಹುಡುಗ ನಾಟಕದ ದಿನ ಮುಂಜಾನೆ ಮನೆಯ ಅಂಗಳದಲ್ಲಿ ಮದುಮಗನಿಗೆ ಅರಿಷಿಣ ಹಚ್ಚಿದ ಹಾಗೆ ಇಡೀ ಮುಖಕ್ಕೆ ಬಳಿದುಕೊಂಡ. ಮಂಡಿಯೂರಿ, ಹೆಣಗಳೆಂದುಕೊಂಡು ಭತ್ತದ ಚೀಲಗಳ ಮುಂದೆ ಗೊಳೋ ಎಂದು ಅತ್ತ. ಅಜ್ಜಿ ಅಂಬಮ್ಮ ಹೌಹಾರಿ ಓಡಿ ಬಂದಳು.

"ಯಾರ ಮುಂದ ಅಳಾಕತ್ತೀಯೋ ನನ್ನಪ್ಪ?"

"ಸುಕನ್ಯಾನ ಮುಂದ" ಎಂದ ಚನ್ನು. ಅಂಬಮ್ಮ ಡಬ್ಬಿಯನ್ನು ಕಸಿದು ಕಾಲುವೆಗೆ ಎಸೆದಳು. ಸೂಗಪ್ಪ ಬೈಕಿಗೆ ಕಿಕ್ ಹೊಡೆದ.

ಶಾಲೆಯ ಮೈದಾನದಲ್ಲಿ ಶಿವಪ್ರಸಾದ ಶಾಮಿಯಾನದ ಹಗ್ಗ ಕಟ್ಟಿಸುತ್ತಿದ್ದ. ಬೈಕು ಅವನ ಕಾಲ ಹೆಬ್ಬೆರಳಿನ ಪಕ್ಕಕ್ಕೇ ಬಂದು ನಿಂತಿತು. ಹಿಂದೆ ಕೂತಿದ್ದ ಚನ್ನುವಿನ ಕಣ್ಣುಗಳು ಮಾಗಿದ ಮೆಣಸಿನಕಾಯಿಯಂತಿದ್ದವು.

"ಏ ಮಾಸ್ತರ, ನನ್ನ ಮೊಮ್ಮಗ ಲಾಲಪ್ಪನ ಮಗಳಿಗೆ ಮಾಫ್ ಮಾಡು ಅನ್ನಾಕತ್ತಾನ. ಅಂಥಾದ್ದು ಏನ್ ಮಾಡ್ಯಾನ ಅವ?"

"ಒಂದು ಲಕ್ಷ ಮಂದೀನ ಕೊಂದಾನ್ರೀ ಗೌಡ್ರ."

"ಯಾರು?"

"ಅಶೋಕ್ರೀ."

"ಅವ ಕೊಂದ್ರ ನಮ್ಮ ಹುಡುಗ ಯಾಕ ಅಳಬೇಕು?"

ಇದಕ್ಕೆ ಶಿವಪ್ರಸಾದನ ಬಳಿ ಉತ್ತರ ಇತ್ತು. ಅಷ್ಟರಲ್ಲಿ ಶೈಲಜಾ ಮೇಡಂ ಸೆರಗು ಸರಿಮಾಡಿಕೊಳ್ಳುತ್ತ ಬಂದು ನಡುವೆ ನಿಂತರು.

"ಅಳೂದೊಂದು ತಗದುಬಿಡ್ರಿ ಶಿವಪ್ರಸಾದ. ಉಳಿದದ್ದು ಇರ್ಲಿ."

"ಉಳಿದದ್ದು ಏನೈತ್ರೀ ಮೇಡಂ, ಬರೀ ಹೊಡದಾಟ."

"ಹೊಡದಾಟ ಮಕ್ಕಳಿಗೆ ಸೇರತೈತಿ ಬಿಡ್ರಿ."

ಸೂಗಪ್ಪ ಮೊಮ್ಮಗನ ಗದ್ದ ಹಿಡಿದೆತ್ತಿದ. "ಇಲ್ಲಿ ನೋಡು. ರಾಜ ಅಳಂಗಿಲ್ಲ. ಏನಂದೆ?"

"ರಾಜ ಅಳಂಗಿಲ್ಲ ತಾತ."

"ಇನ್ನೊಮ್ಮಿ ಅನ್ನು."

"ರಾಜ ಅಳಂಗಿಲ್ಲ."

ಶಿವಪ್ರಸಾದ ಮತ್ತೆ ತಲೆ ಆಡಿಸಿದ. ಕುತ್ತಿಗೆಗೆ ಅದು ರೂಢಿಯಾಗಿಬಿಟ್ಟಿತ್ತು. ಅಳುವ ಸೀನು ಹೋಯಿತು ಎಂದು ಹೆಣಗಳಿಗೆ ಹೇಳಬೇಕಿತ್ತು. ಹೇಳಲು ಹೋದ ಕೂಡ. ಬೇವಿನ ಗಿಡದ ಕೆಳಗೆ ಸುಕನ್ಯಾ ಉಳಿದವರಿಗೆ ಕಣ್ಣು ಪಿಳುಕಿಸದೆ ಮಲಗುವುದನ್ನು ಕಲಿಸುತ್ತಿದ್ದಳು. "ಅಶೋಕ ಅಳೂಮುಂದ ನಗಬ್ಯಾಡ್ರಿ ಮತ್ತ. ಪಾಪ, ಅವ ಮೊದಲ್ನೇ ಸಲ ಅಳಾಕತ್ತಾನ" ಎನ್ನುತ್ತಿದ್ದಳು. ಶಿವಪ್ರಸಾದ ಹಾಗೇ ತಿರುಗಿದ. ಆಮೇಲೆ ಹೇಳಿದರಾಯಿತು ಎಂದುಕೊಂಡ.

ಆಮೇಲೆ ಎಂಬುದು ಬರಲಿಲ್ಲ, ಹಸನ್‌ಸಾಬ್ ಬಂದ. ಸಿಂಧನೂರಿನಲ್ಲಿ ನಾಟಕದ ಸಾಮಾನು ಬಾಡಿಗೆ ಕೊಡುವವನು. ಆಟೋದಿಂದ ಟ್ರಂಕು ಇಳಿಸಿ ಮುಚ್ಚಳ ತೆರೆದರೆ ಒಳಗೆ ಒಂದೂ ಖಡ್ಗ ಇರಲಿಲ್ಲ.

"ಖಡ್ಗ ಎಲ್ಲಾ ಗುರುಗುಂಟಾ ನಾಟಕಕ್ಕ ಹೋಗ್ಯಾವ್ರೀ ಸರ್. ದುರ್ಯೋಧನನ ಗದೆ ತಂದೀನಿ."

"ಅಶೋಕಗ ಗದೆ ಹಿಡಸ್ಲೇನೋ ಮಾರಾಯ?"

"ಸಾಯೋರಿಗೆ ಖಡ್ಗ ಆದ್ರೇನ್ರೀ, ಗದೆ ಆದ್ರೇನ್ರೀ."

"ಹೆಣಗಳ ಡ್ರೆಸ್ಸು?"

"ಹೆಣಕ್ಕೆಂಥಾ ಡ್ರೆಸ್ರೀ ಸರ್. ಹೆಂಗ ಬಂದಾರ ಹಂಗ ಬೀಳಲಿ."

ಸಿಂಧನೂರಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಇನ್ನೆರಡು ಶಾಲೆ ನೋಡುವುದಿದೆ, ಬೇಗ ಮುಗಿಸಿ ಎನ್ನುತ್ತಲೇ ಕೂತರು. ಮುಂದಿನ ಕುರ್ಚಿಗಳಲ್ಲಿ ಸೂಗಪ್ಪನ ಬಳಗ, ಹಿಂದೆ ನೆಲದ ಮೇಲೆ ಕೇರಿಯ ತಾಯಂದಿರು.

ಅಶೋಕ ಗದೆ ಹೊತ್ತು ಬಂದ. ಬಾಯಿ ತೆರೆಯುವಷ್ಟರಲ್ಲಿ ಚನ್ನುವಿನ ಸೋದರಮಾವ ವೇದಿಕೆ ಹತ್ತಿ ಹಾರ ಹಾಕಿದ. ಅವನು ಇಳಿಯುವಷ್ಟರಲ್ಲಿ ಚಿಕ್ಕಪ್ಪ ಹತ್ತಿದ. ಆಮೇಲೆ ಅತ್ತೆಯ ಗಂಡ, ಅವನ ತಮ್ಮ. ಒಬ್ಬೊಬ್ಬರ ಹೆಸರೂ ಮೈಕಿನಲ್ಲಿ ಮೊಳಗಿತು. ಕಳಿಂಗಕ್ಕೆ ಹೊರಡುವ ಹೊತ್ತಿಗೆ ಚಕ್ರವರ್ತಿ ಆಗಷ್ಟೇ ಕೊಂಡು ತಂದ ಟ್ರ್ಯಾಕ್ಟರಿನಂತೆ ಕಾಣುತ್ತಿದ್ದ. ಹೂವಿನ ಸಂದಿಯಿಂದ ಮೂಗು ಮಾತ್ರ ಹೊರಗಿತ್ತು.

ಹಾಗಾಗಿ ಅವನಿಗೆ ಎದುರಿಗಿದ್ದವರು ಸರಿಯಾಗಿ ಕಾಣಲಿಲ್ಲ. ಗದೆ ಎಲ್ಲಿ ಬೀಳಬಾರದೋ ಅಲ್ಲಿ ಬಿತ್ತು. ಸುಕನ್ಯಾಳ ಹಣೆಗೆ ಠಣ್ ಎಂದಿತು. ಅವಳು ಒಂದು ಸುತ್ತು ಸುತ್ತಿ, ಕೈ ಚಾಚಿ, ಬಾಳೆಗಿಡ ಕಡಿದಂತೆ ಬಿದ್ದಳು. ಉಳಿದವರೂ ಬಿದ್ದರು. ಮುಂದಿನ ಸಾಲು ಎದ್ದು ನಿಂತು ಸಿಳ್ಳೆ ಹಾಕಿತು.

"ಒನ್ಸ್ ಮೋರ್."

ಆ ಕಡೆಯ ನಾಟಕಗಳಲ್ಲಿ ಒನ್ಸ್ ಮೋರ್ ಎಂದರೆ ಹಾಡಾದರೂ ಸರಿ, ಸಾವಾದರೂ ಸರಿ, ಇನ್ನೊಮ್ಮೆ ಮಾಡಲೇಬೇಕು. ಶಿವಪ್ರಸಾದ ಪಕ್ಕದ ಪರದೆಯಿಂದ ತಲೆ ಹಾಕಿ, "ಏಳವ್ವಾ ಸುಕನ್ಯಾ, ಇನ್ನೊಮ್ಮಿ ಸಾಯಬೇಕಂತ" ಎಂದು ಪಿಸುಗುಟ್ಟಿದ.

"ಅಶೋಕ ಅಳೂತನಕ ಏಳಬ್ಯಾಡ ಅಂದಿದ್ರಿ ಸರ್."

"ಇದೊಂದು ಸಲ ಏಳು."

"ಇದ ಲಾಸ್ಟ್ ನೋಡ್ರಿ ಮತ್ತ."

ಎದ್ದರು. ಸತ್ತರು. ಠಣ್ ಎಂಬ ಸದ್ದು ಹಳೆಯ ಜಾಗದಲ್ಲೇ ಕೇಳಿಸಿತು. ಸೂಗಪ್ಪ ತಾನೇ ಮೈಕು ತೆಗೆದುಕೊಂಡು, ನಾಟಕ ಇಲ್ಲಿಗೆ ಮುಗೀತು, ಇನ್ನು ಸಾಹೇಬರಿಂದ ಬಹುಮಾನ ಎಂದ. ಅಶೋಕ ಹೂವಿನ ರಾಶಿಯೊಂದಿಗೆ ತಾತನ ಪಕ್ಕಕ್ಕೆ ಇಳಿದು ಹೋದ. ಸಾಹೇಬರು ವೇದಿಕೆ ಹತ್ತಲು ಬಂದರು. ಕಾಲಿಡಲು ಜಾಗ ಇರಲಿಲ್ಲ. ಕಳಿಂಗ ಹಾಗೇ ಬಿದ್ದಿತ್ತು.

ಶೈಲಜಾ ಮೇಡಂ ಮೈಕಿನ ಕನ್ನಡಕ್ಕೆ ಬಂದರು. "ಮಕ್ಕಳೇ, ಎಲ್ಲರೂ ತುಂಬಾ ಚೆನ್ನಾಗಿ ಸತ್ತಿದ್ದೀರಿ. ದಯವಿಟ್ಟು ಏಳಿ."

ಯಾರೂ ಅಲುಗಲಿಲ್ಲ. ಮುಚ್ಚಿದ ಕಣ್ಣಿನಲ್ಲೇ ಸುಕನ್ಯಾಳ ಬಾಯಿ ತೆರೆಯಿತು.

"ಅಶೋಕ ಇನ್ನಾ ಅತ್ತಿಲ್ರೀ ಮೇಡಂ."

"ಏನಂತ ಆ ಹೆಣ?" ಎಂದರು ಸಾಹೇಬರು.

ಶೈಲಜಾ ಮೇಡಂ ತೊದಲುತ್ತ ಹೇಳಿದರು. ಸೂಗಪ್ಪ ತನ್ನ ಕಡೆಯ ಹುಡುಗರಿಗೆ, "ಎತ್ರಿ ಅವ್ರನ್ನ, ಕೆಳಗ ಮಲಗಿಸ್ರಿ" ಎಂದ. ನಾಲ್ವರು ಜೋರಾಗಿ ವೇದಿಕೆ ಹತ್ತಿದರು. ಹೆಣಗಳ ಹತ್ತಿರ ಹೋಗಿ ನಿಂತರು. ಬಗ್ಗಿದರು. ಮತ್ತೆ ನೆಟ್ಟಗಾದರು. ಒಬ್ಬನೂ ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸಾಹೇಬರು ಕೇಳಿದ್ದಕ್ಕೆ ಒಬ್ಬ, "ಅಂಗಿ ಹೊಲಸಾಗತಾವ್ರೀ" ಎಂದ. ಹಿಂದೆ ನೆಲದ ಮೇಲಿದ್ದ ತಾಯಂದಿರು ಒಬ್ಬೊಬ್ಬರಾಗಿ ಎದ್ದು ನಿಂತರು.

ಸಾಹೇಬರು ಅದನ್ನೂ ನೋಡಿದರು, ತಮ್ಮ ಜೀಪನ್ನೂ ನೋಡಿದರು. "ಅಳೂದು ಎಷ್ಟೊತ್ತಿನ ಕೆಲಸ? ಆ ಹುಡುಗನ್ನ ಕರದು ಅಳಿಸಿ ಮುಗಿಸ್ರಿ."

ಸೂಗಪ್ಪ ಅತ್ತಿತ್ತ ನೋಡಿ ಗಂಟಲು ಸರಿಮಾಡಿಕೊಂಡ. ಮುಂಜಾನೆ ಗದರಿದ ದನಿಯನ್ನು ಎಲ್ಲೋ ಇಟ್ಟು ಬೇರೆ ದನಿ ತೆಗೆದ. "ಚನ್ನು, ಹೋಗಪ್ಪ, ಚೂರು ಅತ್ತು ಬಾ."

"ರಾಜ ಅಳಂಗಿಲ್ಲ ತಾತ."

"ನಾ ಹೇಳಾಕತ್ತೀನಲ್ಲ, ಅಳು."

"ಅಳಂಗಿಲ್ಲ ಅಂತ ನೀನ ಹೇಳೀದಿ."

"ಅಳ್ತಿಯೋ, ಎರಡು ಬಿಡ್ಲ್ಯೋ?"

"ಹೊಡದ್ರೂ ಅಳಂಗಿಲ್ಲ" ಎಂದು ಚನ್ನು ಗದೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಶಿವಪ್ರಸಾದ ಒಂದು ತಿಂಗಳು ಕಲಿಸಿದ್ದು ಆ ಹುಡುಗನ ತಲೆಗೆ ಹತ್ತಿರಲಿಲ್ಲ. ತಾತ ಒಂದು ಮುಂಜಾನೆ ಕಲಿಸಿದ್ದು ಹತ್ತಿತ್ತು.

"ನಾಟಕ ಬರದಾವ್ರು ಯಾರು?" ಎಂದರು ಸಾಹೇಬರು. ಎಲ್ಲರ ಬೆರಳುಗಳೂ ಶಿವಪ್ರಸಾದನ ಕಡೆ ಹೋದವು. "ಹಂಗಾದ್ರ ನೀವ ಅಳ್ರಿ. ಜಲ್ದಿ."

ಸೂಗಪ್ಪ ಅವನ ಕಿವಿಯ ಹತ್ತಿರ ಬಾಯಿ ತಂದ. "ಅವ್ರನ್ನ ಎಬ್ಬಿಸಲಿಲ್ಲ ಅಂದ್ರ ಮುಂದಿನ ವರ್ಷ ನಮ್ಮೂರ ಬಸ್ ಹತ್ತಬ್ಯಾಡ ಮಾಸ್ತರ."

ಹಸನ್‌ಸಾಬ್ ಚನ್ನುವಿನ ಕಿರೀಟ ಕಿತ್ತು ತಂದು ಶಿವಪ್ರಸಾದನ ತಲೆಗೆ ಒತ್ತಿದ. ಅದು ನೆತ್ತಿಯ ಮೇಲೆ ಪಾತ್ರೆಯ ಮುಚ್ಚಳದಂತೆ ಕೂತಿತು. ಜನ ನಕ್ಕರು. ಶಿವಪ್ರಸಾದ ಹೆಣಗಳ ನಡುವೆ ಹೋಗಿ ಮಂಡಿಯೂರಿದ. ಸುಳ್ಳೇ ನಾಲ್ಕು ಸಲ ಬಿಕ್ಕಿ ಎದ್ದುಬಿಡುವುದೆಂದು ಎಣಿಸಿದ್ದ.

ಹತ್ತಿರದಿಂದ ಮಕ್ಕಳ ಮುಖ ಕಂಡವು. ಎರಡೆರಡು ಸಲ ಬಿದ್ದು ಕೂದಲೆಲ್ಲ ಮಣ್ಣಾಗಿತ್ತು. ಸುಕನ್ಯಾಳ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬಾವು ಎದ್ದಿತ್ತು. ಅಷ್ಟಾದರೂ ಒಂದು ಮಗುವಿನ ರೆಪ್ಪೆಯೂ ಅಲುಗಿರಲಿಲ್ಲ. ಅವನು ಹೇಳಿಕೊಟ್ಟಂತೆಯೇ ಮಲಗಿದ್ದವು. ಇಡೀ ಶಾಲೆಯಲ್ಲಿ ಅವನ ಮಾತು ನಂಬಿದವರು ಇವರು ಮಾತ್ರ. ಇವರನ್ನು ಆರಿಸಿ ಮಣ್ಣಿಗೆ ಬೀಳಿಸಿದ ಕೈ ಯಾರದು ಎಂಬುದು ಹೊಳೆದು, ಶಿವಪ್ರಸಾದನಿಗೆ ಮುಲಾಮಿಲ್ಲದೆಯೇ ಅಳು ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ಕಿರೀಟ ಉರುಳಿ ಬಿತ್ತು. ನಗುತ್ತಿದ್ದ ಜನ ಚಪ್ಪಾಳೆ ತಟ್ಟತೊಡಗಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಹಸನ್‌ಸಾಬ್, "ಏನ್ ಅಳ್ತಾರಪ್ಪ, ಕಂಪನಿ ನಾಟಕದಾಗ ಇರಬೇಕಿತ್ತು" ಎಂದ.

ಚಪ್ಪಾಳೆ ನಿಂತ ಮೇಲೆ ಸುಕನ್ಯಾ ಒಂದು ಕಣ್ಣು ತೆರೆದಳು. ಟಿಕೆಟ್ ತೋರಿಸು ಎನ್ನುವ ಹಾಗೆ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅತ್ತೀನವ್ವ, ನೋಡಿದಿಲ್ಲ" ಎಂದ ಶಿವಪ್ರಸಾದ, ಮೂಗು ಒರೆಸಿಕೊಳ್ಳುತ್ತ. "ಏಳು."

"ನೀವು ಅತ್ರ ಹೆಂಗ್ರೀ ಸರ್? ನಮ್ಮನ್ನ ಕೊಂದಾವ್ರು ನೀವಲ್ಲ."

ಹೌದು ಅಂದರೂ ಕಷ್ಟ, ಅಲ್ಲ ಅಂದರೂ ಕಷ್ಟ. ಮುಂದಿನ ಸಾಲಿನಿಂದ ಸೂಗಪ್ಪ ಗಂಟಲು ಕೆರೆದದ್ದು ಕೇಳಿಸಿತು.

"ಏಳವ್ವಾ, ಸುಕನ್ಯಾ."

"ಏಳಂಗಿಲ್ರೀ" ಎಂದಳು ಸುಕನ್ಯಾ, ಮತ್ತು ತೆರೆದಿದ್ದ ಕಣ್ಣನ್ನೂ ಮುಚ್ಚಿಕೊಂಡಳು.