ಹೆಸರಿಗೊಬ್ಬ ಮಹಾರುದ್ರ

ನನ್ನ ಹೆಸರು ಮಹಾರುದ್ರಪ್ಪ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ಏಕೆಂದರೆ ನಮ್ಮ ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ. ಇರುವವರು ಇಬ್ಬರೇ: ನಾನು, ನನ್ನ ಧರ್ಮಪತ್ನಿ ಗುರುಸಿದ್ದವ್ವ. ಆಕೆಯ ಪಾಲಿಗೆ ನಾನು ‘ಏನ್ರೀ’. ನಾನು ಮನೆಯಲ್ಲಿಲ್ಲದಾಗ ‘ಅವರು’. ಮನೆಯಲ್ಲಿದ್ದೂ ಕೆಲಸಕ್ಕೆ ಬಾರದಾಗ ‘ಇವರು’.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ನಮ್ಮ ಇಳಕಲ್ಲಿನ ಹೆಂಗಸರ ನಂಬಿಕೆ. ಆ ಲೆಕ್ಕದಲ್ಲಿ ನಾನು ಚಿರಂಜೀವಿ. ಆಕೆ ನನ್ನ ಹೆಸರನ್ನಷ್ಟೇ ಅಲ್ಲ, ಅದರ ನೆಂಟರಿಷ್ಟರನ್ನೂ ಬಾಯಿಗೆ ತರುವುದಿಲ್ಲ. ರುದ್ರಾಕ್ಷಿಗೆ ‘ಕೊಳ್ಳಾಗಿನ ಮಣಿ’ ಎನ್ನುತ್ತಾಳೆ. ಪಕ್ಕದ ಮನೆಯ ರುದ್ರವ್ವನನ್ನು ‘ಏ ಆಚೀಮನಿಯಾಕಿ’ ಎಂದು ಕೂಗಿ, ಎರಡೂ ಕಡೆಯ ಆಚೆಮನೆಯವರು ಒಟ್ಟಿಗೇ ಓಗೊಟ್ಟು, ಯಾರನ್ನು ಕರೆದದ್ದು ಎಂದು ಜಗಳವಾದದ್ದೂ ಉಂಟು.

ಮದುವೆಯಲ್ಲಿ ಒಮ್ಮೆ ಹೇಳಿದ್ದಾಳಂತೆ. ನಮ್ಮಲ್ಲಿ ಮದುಮಗಳು ಸಣ್ಣ ಪದ್ಯವೊಂದನ್ನು ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಅಡಗಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತೇವೆ. ಒಡಪಿನಲ್ಲಿ ಹೇಳಿದರೆ ಆಯುಷ್ಯಕ್ಕೆ ಧಕ್ಕೆಯಿಲ್ಲ (ಯಮನಿಗೆ ಪದ್ಯ ತಿಳಿಯುವುದಿಲ್ಲವೆಂದು ಕಾಣುತ್ತದೆ). “ಇಳಕಲ್ಲ ಸೀರಿ, ಗುಳೇದಗುಡ್ಡದ ಖಣ, ಕೈ ತುಂಬ ಹಸರ ಬಳಿ ಗಣಗಣ,” ಎಂದು ಆಕೆ ಶುರು ಮಾಡಿದಳು. ನಾನು ಬಾಸಿಂಗ ಸರಿಸಿ ಕಿವಿ ಕೊಟ್ಟು ಕುಳಿತೆ. ಸರಿಯಾಗಿ ಹೆಸರು ಬರುವ ಹೊತ್ತಿಗೆ ಬಾಜಾದವರು ಸನಾದಿ ಊದಿಬಿಟ್ಟರು. ನನಗೆ ದಕ್ಕಿದ್ದು ಆಕೆಯ ತುಟಿ ಅಲುಗಿದ್ದು ಮಾತ್ರ.

ಅಂದಿನಿಂದ ನನಗೊಂದು ಕುತೂಹಲ ಹತ್ತಿಕೊಂಡಿತು. ನನ್ನ ಹೆಸರು ಹೆಣ್ಣುದನಿಯಲ್ಲಿ ಹೇಗೆ ಕೇಳಿಸುತ್ತದೆ? ನಮ್ಮವ್ವ ಸೋಮವ್ವ ಇದ್ದಾಗ ಕರೆಯುತ್ತಿದ್ದಳು ನಿಜ. ಆದರೆ ಅದು ಕರೆಯುವುದಲ್ಲ, ಕೈಯಲ್ಲಿ ಲಟ್ಟಣಿಗೆ ಹಿಡಿದು ಅಟ್ಟಿಸಿಕೊಂಡು ಬರುವುದು. ಅವಳು ಶಿವನ ಪಾದ ಸೇರಿದ ಮೇಲೆ ಆ ದನಿಯೂ ನಿಂತುಹೋಯಿತು. ನಾನು ದಿನವಿಡೀ ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತು, ಬಂದ ಹೆಂಗಸರಿಗೆ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚಿಡುವವನು. ಅವರೂ ‘ಏ ಅಂಗಡಿಯಣ್ಣಾ’ ಎನ್ನುತ್ತಿದ್ದರೇ ಹೊರತು ಹೆಸರು ಕೇಳುತ್ತಿರಲಿಲ್ಲ.

ಹೀಗಿರುವಾಗ ಶ್ರೀ ಘಟಪ್ರಭಾ ವಿನೋದ ನಾಟಕ ಮಂಡಳಿಯವರು ಹುನಗುಂದದಲ್ಲಿ ತಟ್ಟಿಯ ಥೇಟರು ಹಾಕಿ ‘ವೀರ ಮಹಾರುದ್ರ ಅರ್ಥಾತ್ ತುಕ್ಕು ಹಿಡಿದ ಖಡ್ಗ’ ಎಂಬ ನಾಟಕವಾಡಿದರು. ನೋಡಲು ಹೋದ ನಾನು ಕುಳಿತಲ್ಲೇ ಕಲ್ಲಾದೆ. ರಾಜನ ಹೆಸರು ಮಹಾರುದ್ರ. ರಾಣಿ ರಂಗದ ಮಧ್ಯೆ ನಿಂತು “ಮಹಾರುದ್ರಾ! ನಿನ್ನ ಖಡ್ಗಕ್ಕೆ ತುಕ್ಕು ಹಿಡಿದಿದೆಯೇ?” ಎಂದು ಹೆಸರು ಹಿಡಿದು ಕೇಳುತ್ತಾಳೆ. ನಾನು ದೂರದಲ್ಲಿ, ಕಡಲೆಕಾಯಿ ಜಗಿಯುವವರ ನಡುವೆ ಇದ್ದುದರಿಂದ ಆ ದನಿ ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿದ್ದರೂ ಅದು ನನ್ನನ್ನು ಕರೆದದ್ದಾಗುತ್ತಿರಲಿಲ್ಲ. ನಾಟಕ ಮುಗಿದ ಮೇಲೆ ಒಂದು ಸುದ್ದಿ ಹೇಳಿದರು. ರಾಜನ ಪಾರ್ಟಿನವನು ಕಂಪನಿ ಬಿಡುತ್ತಾನೆ. ದೀಪಾವಳಿಯ ನಂತರದ ಹಂಗಾಮಿಗೆ ಹೊಸ ನಟರನ್ನು ಬಾಗಲಕೋಟೆಯ ಕ್ಯಾಂಪಿನಲ್ಲಿ ಆರಿಸುತ್ತಾರೆ.

ಇದು ದೈವಸಂಕಲ್ಪ ಎಂದು ನನಗೆ ಹೊಳೆಯಿತು. ರಂಗದ ಮೇಲೆ ದಿನಾ ಒಂದು ಹೆಣ್ಣು ನನ್ನ ಹೆಸರು ಹಿಡಿದು ಕರೆಯಬೇಕು, ಹ್ಯಾಂಡ್‌ಬಿಲ್ಲಿನಲ್ಲಿ ‘ಮಹಾರುದ್ರನ ಪಾತ್ರದಲ್ಲಿ ಮಹಾರುದ್ರಪ್ಪ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಬೇಕು. ಇವೆರಡು ಆದರೆ ನನಗೆ ಮೋಕ್ಷವೂ ಬೇಡ ಎನಿಸಿತು.

ನಾಟಕದ ಪುಸ್ತಕ ಕೊಂಡು ತಂದೆ, ತಾಲೀಮು ಮನೆಯಲ್ಲೇ ಶುರುವಾಯಿತು. ರಾಣಿಯ ಮಾತು ಹೇಳಲು ಗುರುಸಿದ್ದವ್ವನನ್ನು ಬಿಟ್ಟರೆ ಇನ್ನಾರಿದ್ದರು? ಆಕೆ ರೊಟ್ಟಿ ಬಡಿಯುತ್ತ ಒಪ್ಪಿದಳು.

“ಏನ್ರೀ, ನಿಮ್ಮ ಖಡ್ಗಕ್ಕ ತುಕ್ಕ ಹಿಡದೈತೇನು?”

“ಹಂಗಲ್ಲ. ಹೆಸರ ಹಿಡದ ಕರೀಬೇಕು.”

“ನನ್ನ ಕೈಲೆ ಆಗಾಂಗಿಲ್ರಿ.”

“ಅದು ನನ್ನ ಹೆಸರಲ್ಲ, ರಾಜನ ಹೆಸರು.”

“ಆ ರಾಜಗ ಊರಾಗ ಮತ್ತೊಂದ ಹೆಸರ ಸಿಗಲಿಲ್ಲೇನು? ನಿಮ್ಮದ ಬೇಕಾಗಿತ್ತ?”

“ಒಂದ ಸಲ ಅಂದ್ರ ಏನಾಗತೈತಿ?”

“ಏನರ ಆದ ಮ್ಯಾಲ ಯಾರನ್ನ ಕೇಳೂಣು? ಸುಮ್ನ ಹೇಳ್ರಿ ನಿಮ್ಮ ಮಾತು, ರೊಟ್ಟಿ ಆರತಾವು.”

ಹೀಗೆ ‘ಏನ್ರೀ’ ಎಂಬ ಎರಡಕ್ಷರವೇ ನನ್ನ ರಣಕಹಳೆಯಾಯಿತು. ಆಕೆ ‘ಏನ್ರೀ’ ಎಂದ ಕೂಡಲೇ ನಾನು ಕೊಡೆಯನ್ನು ಒರೆಯಿಂದ ಹಿರಿದು, “ಯಾರದು? ಗಂಡುಗಲಿಯ ಗವಿಗೆ ಬಂದು ಗರ್ಜಿಸುವ ಹೆಣ್ಣು ಹುಲಿ ಯಾರು? ನನ್ನ ಖಡ್ಗಕ್ಕೆ ತುಕ್ಕು ಹಿಡಿದಿಲ್ಲ, ಹಸಿವು ಹಿಡಿದಿದೆ!” ಎಂದು ಅಬ್ಬರಿಸುತ್ತಿದ್ದೆ. ಮಾಡಿನ ಗುಬ್ಬಿಗಳು ಹಾರಿ ಹೋಗುತ್ತಿದ್ದವು. ಗುರುಸಿದ್ದವ್ವ ಮಾತ್ರ ಕದಲುತ್ತಿರಲಿಲ್ಲ. “ಹಸಿವಿ ಹಿಡದ್ರ ಕೈಕಾಲ ತೊಳಕೊಂಡ ಬರ್ರಿ,” ಎನ್ನುತ್ತಿದ್ದಳು. ನಾನು ಕೈಕಾಲು ತೊಳೆದುಕೊಂಡು ಬರುತ್ತಿದ್ದೆ.

ಬಾಗಲಕೋಟೆಗೆ ಹೊರಡುವ ದಿನ ಆಕೆಯೂ ಸೆರಗು ಹೊದ್ದು ಸಿದ್ಧಳಾಗಿ ನಿಂತಳು.

“ನೀ ಯಾಕ?”

“ರಾಣಿ ಸೀರಿ ಜರಿ ಖರೆನೋ ಖೊಟ್ಟಿನೋ ನೋಡಬೇಕ್ರಿ. ನಿಮಗ ಹೆಸರಿನ ಹುಚ್ಚು, ನನಗ ಜರೀದು.”

ಬಸ್ಸು ಹುನಗುಂದ ದಾಟುವವರೆಗೂ ನಾನು ಮನಸ್ಸಿನಲ್ಲೇ ಖಡ್ಗ ಬೀಸುತ್ತಿದ್ದೆ. ನನ್ನ ಮೊಣಕೈ ಮುಂದಿನ ಸೀಟಿನವರ ರುಮಾಲಿಗೆ ತಗುಲಿ ಆ ರುಮಾಲು ಕೆಳಗೆ ಬಿದ್ದಾಗ ಗುರುಸಿದ್ದವ್ವನೇ ಅವರ ಕ್ಷಮೆ ಕೇಳಿದಳು.

ಕ್ಯಾಂಪಿನಲ್ಲಿ ಕಂಪನಿಯ ಮಾಲಕ ಹನಮಪ್ಪ ಮಾಸ್ತರರು ರಂಗದ ಮುಂದೆ ಕುರ್ಚಿ ಹಾಕಿಕೊಂಡು, ಬಾಯಿಯಲ್ಲಿ ತಾಂಬೂಲ ತುಂಬಿಕೊಂಡು ಕುಳಿತಿದ್ದರು. ರಾಣಿಯ ಪಾತ್ರ ಮಾಡುವವರು ಮುರ್ತುಜಸಾಬ. ವಯಸ್ಸು ಐವತ್ತರ ಆಸುಪಾಸು, ಮೈಮೇಲೆ ರಾಣಿಯ ಸೀರೆ, ತಲೆಗೆ ಕಿರೀಟ, ಕಿವಿಯ ಮೇಲೆ ಬೀಡಿ. ಇಷ್ಟು ವರ್ಷ ಸೀರೆ ಉಟ್ಟು ಉಟ್ಟು ನಡು ಹಿಡಿದಿದೆ, ಹೊಸ ರಾಣಿ ಸಿಕ್ಕರೆ ತಾವು ಸೇನಾಪತಿಯಾಗಿ ಹಾಯಾಗಿ ಇರುತ್ತೇವೆ ಎಂದು ಅವರು ಎಲ್ಲರ ಮುಂದೆ ಗೊಣಗುತ್ತಿದ್ದರು. ಗುರುಸಿದ್ದವ್ವ ನೇರವಾಗಿ ಹೋಗಿ ಅವರ ಸೆರಗು ಹಿಡಿದು ನೋಡಿ, “ಖೊಟ್ಟಿ ಜರಿ,” ಎಂದು ತೀರ್ಪು ಕೊಟ್ಟು, ಮುಂದಿನ ಬೆಂಚಿನ ಮೇಲೆ ಕುಳಿತಳು.

“ಊರು?” ಎಂದರು ಮಾಸ್ತರರು.

“ಇಳಕಲ್ರಿ.”

“ಇಳಕಲ್ಲವರ, ಬರ್ರಿ ಮ್ಯಾಲ. ಮುರ್ತುಜಾ, ಹೇಳಪಾ ನಿನ್ನ ಮಾತು.”

(ಅವರು ನನ್ನ ಹೆಸರು ಕೇಳಲಿಲ್ಲ. ಇದನ್ನು ನೀವು ನೆನಪಿಡಬೇಕು.)

ನಾನು ಬೆನ್ನು ತಿರುಗಿಸಿ, ಕಟ್ಟಿಗೆಯ ಖಡ್ಗದ ಮೇಲೆ ಕೈಯಿಟ್ಟು ನಿಂತೆ. ಎದೆ ಡವಡವ ಎನ್ನುತ್ತಿತ್ತು. ಪಾರ್ಟು ಸಿಗುತ್ತದೆಯೋ ಇಲ್ಲವೋ ಎಂಬ ಹೆದರಿಕೆಯಿಂದಲ್ಲ. ಇನ್ನೊಂದು ಉಸಿರಿನಲ್ಲಿ ನನ್ನ ಹೆಸರು ಹೆಣ್ಣುದನಿಯಲ್ಲಿ ಕೇಳಿಸಲಿದೆ, ಅದು ಹೇಗಿರಬಹುದು ಎಂಬ ಕುತೂಹಲದಿಂದ. ಮುರ್ತುಜಸಾಬ ಬೀಡಿ ತೆಗೆದಿಟ್ಟು ಕೆಮ್ಮಿದರು. ಆಮೇಲೆ ಅವರ ಗಂಟಲಿನಿಂದ ಒಂದು ದನಿ ಹೊರಟಿತು.

“ಮಹಾರುದ್ರಾ!”

ದೇವರಾಣೆ, ಅದು ನಮ್ಮವ್ವನ ದನಿ. ಅದೇ ಗಡಸು, ಕೊನೆಯ ಅಕ್ಷರದ ಅದೇ ಎಳೆತ, ಹಿಂದೆಯೇ ಲಟ್ಟಣಿಗೆ ಬರುವ ಅದೇ ಭರವಸೆ. ನನ್ನ ಕೈಯಿಂದ ಖಡ್ಗ ಜಾರಿತು. ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ.

“ಬಂದೆ ಬೇ ಯವ್ವಾ, ನಾ ಏನೂ ಮಾಡಿಲ್ಲ,” ಎಂದುಬಿಟ್ಟೆ.

ತಬಲಾದವನು ತಬಲಾದ ಮೇಲೆಯೇ ಬಿದ್ದು ನಕ್ಕ. ಮಾಸ್ತರರ ತಾಂಬೂಲ ಅವರ ಬಿಳಿ ಅಂಗಿಯ ಮೇಲೆ ಇಳಿಯಿತು. ನನಗೆ ಅಳು ಬಂತು. ನಾಚಿಕೆಗೋ, ಅವ್ವನ ನೆನಪಿಗೋ, ಹೇಳಲಾರೆ. ಇನ್ನೊಮ್ಮೆ ಅವಕಾಶ ಕೊಟ್ಟರು. ಮತ್ತೆ “ಮಹಾರುದ್ರಾ!” ಮತ್ತೆ ನನ್ನ ಕೈ ತಾನಾಗಿ ಬೆನ್ನು ಮುಚ್ಚಿಕೊಂಡಿತು.

“ಇಳಿರಿ ಕೆಳಗ,” ಎಂದರು ಮಾಸ್ತರರು ಅಂಗಿ ಒರೆಸಿಕೊಳ್ಳುತ್ತ.

ಆಗ ಬೆಂಚಿನಿಂದ ಗುರುಸಿದ್ದವ್ವ ಎದ್ದಳು. ಗಂಡನ ಮಾನ ಮಂದಿಯ ಮುಂದೆ ಹೋಗುವುದನ್ನು ಯಾವ ಇಳಕಲ್ಲಿನ ಹೆಣ್ಣೂ ನೋಡುತ್ತ ಕೂರುವುದಿಲ್ಲ. ಅದನ್ನು ಕಳೆಯುವ ಹಕ್ಕು ಅವಳೊಬ್ಬಳದೇ.

“ನಿಲ್ರಿ ಮಾಸ್ತರ. ಅವರಿಗೆ ಕರಿಯೂ ರೀತಿ ಬ್ಯಾರೆ ಐತಿ,” ಎಂದು ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡು ಮೇಲೆ ಹತ್ತಿದಳು. “ಏನ್ರೀ, ನಿಮ್ಮ ಖಡ್ಗಕ್ಕ ತುಕ್ಕ ಹಿಡದೈತೇನು?”

ಅಷ್ಟೇ ಸಾಕಾಯಿತು. ನಾನು ಖಡ್ಗ ಎತ್ತಿಕೊಂಡು ಗರ್ಜಿಸಿದ ರಭಸಕ್ಕೆ ತಟ್ಟಿ ನಡುಗಿತು. ಯಾರೂ ನಗಲಿಲ್ಲ. “ಹಸಿವು ಹಿಡಿದಿದೆ!” ಎಂದು ಮುಗಿಸಿ ಎದೆಯುಬ್ಬಿಸಿ ನಿಂತೆ. ನಾಟಕದ ಪ್ರಕಾರ ರಾಣಿ ಇಲ್ಲಿ ಪಾದಕ್ಕೆ ಬೀಳಬೇಕು. ಗುರುಸಿದ್ದವ್ವ ಬೀಳುವ ಪೈಕಿಯವಳಲ್ಲ.

“ಹಸಿವಿ ಹಿಡದ್ರ ಕೈಕಾಲ ತೊಳಕೊಂಡ ಬರ್ರಿ,” ಎಂದಳು.

ನಾನು ಖಡ್ಗ ಕೆಳಗಿಟ್ಟು ಕೈಕಾಲು ತೊಳೆಯಲು ಹೊರಟೆ. ಮೂರು ಹೆಜ್ಜೆ ಇಟ್ಟ ಮೇಲೆ ಎಲ್ಲಿದ್ದೇನೆಂದು ನೆನಪಾಯಿತು. ಅಷ್ಟರಲ್ಲಿ ಕ್ಯಾಂಪಿಗೆ ಕ್ಯಾಂಪೇ ಚಪ್ಪಾಳೆ ತಟ್ಟುತ್ತಿತ್ತು. ಮುರ್ತುಜಸಾಬರು ತಮ್ಮ ಕಿರೀಟ ತೆಗೆದು ಗುರುಸಿದ್ದವ್ವನ ಮುಂದೆ ಇಟ್ಟು, “ನನ್ನ ನಡಾ ಉಳಿಸಿದಿ ತಂಗಿ,” ಎಂದರು.

“ರಾಜಗ ಅಂಜೂ ರಾಣಿನ್ನ ಭಾಳ ನೋಡೇನಿ,” ಎಂದರು ಹನಮಪ್ಪ ಮಾಸ್ತರರು ಕುರ್ಚಿಯಿಂದೆದ್ದು. “ರಾಜನ್ನ ಅಂಜಿಸೂ ರಾಣಿ ಇವತ್ತ ಸಿಕ್ಕಳು. ಯವ್ವಾ, ಈ ಹಂಗಾಮಿಗೆ ನೀನ ನಮ್ಮ ರಾಣಿ.”

“ಮತ್ತ ರಾಜ?” ಎಂದೆ ನಾನು.

“ಹೇಣ್ತಿ ಅಂದ್ಕೂಡ್ಲೆ ಕೈಕಾಲ ತೊಳಿಯಾಕ ಹೋಗೂ ರಾಜನ್ನ ತಗೊಂಡು ನಾ ಏನ ಮಾಡ್ಲಿ?”

ಗುರುಸಿದ್ದವ್ವ ಎರಡು ಷರತ್ತು ಹಾಕಿದಳು. ಮೊದಲನೆಯದು, “ಅವರಿಲ್ಲದ ನಾ ಎಲ್ಲೂ ಬರಾಂಗಿಲ್ಲ.” ನನ್ನ ಕಣ್ಣು ತುಂಬಿ ಬಂತು. ಮಾಸ್ತರರು ನನಗೇನು ಬರುತ್ತದೆಂದು ಕೇಳಿದರು. ಸೀರೆ ಬಿಚ್ಚುವುದು, ಮಡಚುವುದು ಎಂದೆ. “ಹಂಗಾದ್ರ ಪರದಿ ಎಳೀರಿ, ಅದೂ ಅರಿವೀನ,” ಎಂದರು. ಎರಡನೆಯ ಷರತ್ತು ನನ್ನ ಎದೆಗೇ ಬಂದು ನಾಟಿತು: “ರಾಜನ ಹೆಸರ ಬದಲಿ ಮಾಡ್ರಿ. ಆ ಹೆಸರ ನಾ ಹೇಳಾಂಗಿಲ್ಲ.” ಮಾಸ್ತರರು ಒಂದು ಕ್ಷಣವೂ ಯೋಚಿಸದೆ ಮಹಾರುದ್ರನನ್ನು ಕೊಂದು ಅವನ ಜಾಗದಲ್ಲಿ ವೀರಸೇನನನ್ನು ಪಟ್ಟಕ್ಕೆ ಕೂರಿಸಿದರು. ಆ ಪಾರ್ಟು ಕೆರೂರಿನ ಅಂದಪ್ಪ ಎಂಬ ಗುಂಗುರುಗೂದಲಿನವನಿಗೆ ಹೋಯಿತು. ನನ್ನ ಹೆಂಡತಿ ಮೊದಲನೆಯ ತಾಲೀಮಿನಲ್ಲೇ, “ವೀರಸೇನಾ! ಹೇಡಿ!” ಎಂದು ಅವನನ್ನು ಹೆಸರು ಹಿಡಿದು ಕೂಗಿದಳು. ಎಷ್ಟು ಇಂಪಾಗಿತ್ತೆಂದರೆ, ಅಂದಪ್ಪನ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು.

ಇರಲಿ, ಹ್ಯಾಂಡ್‌ಬಿಲ್ಲಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಪರದೆ ಎಳೆಯುವವನ ಹೆಸರನ್ನೂ ಕೊನೆಯಲ್ಲಿ ಹಾಕುವ ಪದ್ಧತಿ ಆ ಕಂಪನಿಯಲ್ಲಿತ್ತು. ಮೊದಲ ಪ್ರಯೋಗದ ದಿನ ಛಾಪಖಾನೆಯಿಂದ ಕಟ್ಟು ಬಂತು. ಗುಲಾಬಿ ಕಾಗದ, ಶಾಯಿ ಇನ್ನೂ ಹಸಿ. ಎಲ್ಲಕ್ಕೂ ಮೇಲೆ ಬೆರಳುದ್ದದ ಅಕ್ಷರದಲ್ಲಿ ‘ರಾಣಿಯ ಪಾತ್ರದಲ್ಲಿ ಸೌ. ಗುರುಸಿದ್ದವ್ವ ಇಳಕಲ್’. ನನ್ನ ಕಣ್ಣು ವೀರಸೇನನನ್ನು ದಾಟಿ, ಸೇನಾಪತಿ ಮುರ್ತುಜಸಾಬರನ್ನು ದಾಟಿ, ಹಾರ್ಮೋನಿಯಂ ಪೆಟ್ಟಿಗೆ, ತಬಲಾ, ಬಣ್ಣದವರನ್ನೆಲ್ಲ ದಾಟಿ ಕೊನೆಯ ಸಾಲಿಗೆ ಇಳಿಯಿತು.

‘ಪರದೆ: ಸೌ. ಗುರುಸಿದ್ದವ್ವನವರ ಮನೆಯವರು.’

ಕಾಗದ ಹಿಡಿದುಕೊಂಡೇ ಬಣ್ಣದ ಮನೆಗೆ ಹೋದೆ. ಆಕೆ ಕಿರೀಟ ಇಟ್ಟುಕೊಂಡು ಕನ್ನಡಿ ನೋಡುತ್ತಿದ್ದಳು.

“ಇದೇನ ಇದು? ಛಾಪಖಾನಿಯವ ನನ್ನ ಹೆಸರ ಕೇಳಲಿಲ್ಲೇನು?”

“ಕೇಳಿದಾರಿ. ನೀವು ಪರದಿ ಹಗ್ಗಾ ಕಟ್ಟಾಕ ಹೋಗಿದ್ರಿ. ನನ್ನ ಕೇಳಿದಾ.”

“ಹೇಳಾಕ ನಿನಗ ಏನ ಧಾಡಿ ಆಗಿತ್ತು?”

“ಹೇಳಿದ್ನೆಲ್ರಿ,” ಎಂದಳು ಗುರುಸಿದ್ದವ್ವ, ನಿಜವಾಗಿಯೂ ನೊಂದ ದನಿಯಲ್ಲಿ. “ಪಾಪ, ನಿಮ್ಮ ಹೆಸರೂ ಬರಲಿ ಅಂತ ಭಾಳ ದಿನದ ಮ್ಯಾಲ ಒಡಪ ಹಾಕಿ ಹೇಳಿದೆ. ಇಳಕಲ್ಲ ಸೀರಿ, ಗುಳೇದಗುಡ್ಡದ ಖಣ ಅಂತ ಸುರು ಮಾಡಿ ಹೆಸರತನಾ ಬಂದೆ. ಅಷ್ಟೊತ್ತಿಗೆ ತಾಲೀಮಿನವರು ಪೆಟಗಿ, ತಬಲಾ ಸುರು ಮಾಡಿಬಿಟ್ರು. ಅವಗ ಕೇಳಸಲಿಲ್ಲ. ಎರಡನೇ ಸಲ ಯಾರ ಹೇಳತಾರ?”

ಆಕೆ ಎರಡನೆಯ ಬಾರಿ ನನ್ನ ಹೆಸರು ಹೇಳಿದ್ದಳು, ನಾನು ಆಗಲೂ ಕೇಳಲಿಲ್ಲ. ಇನ್ನೊಮ್ಮೆ, ಮೆಲ್ಲಗೆ, ಇಲ್ಲಿ ಯಾರೂ ಇಲ್ಲ ಎಂದು ಬೇಡಿಕೊಳ್ಳಬೇಕೆನ್ನುವಷ್ಟರಲ್ಲಿ ಹೊರಗೆ ಮೂರನೆಯ ಗಂಟೆ ಬಾರಿಸಿತು. ಥೇಟರು ತುಂಬಿ ಗದ್ದಲವಾಗುತ್ತಿತ್ತು. ಮಹಾರಾಣಿಯವರು ಎದ್ದು ರಂಗಕ್ಕೆ ನಡೆದರು, ನಾನು ಹಗ್ಗದ ಬಳಿಗೆ. ಆಕೆ ತನ್ನ ಜಾಗದಲ್ಲಿ ನಿಂತು, ಸೆರಗು ಸರಿ ಮಾಡಿಕೊಂಡು, ನನ್ನ ಕಡೆಗೆ ತಿರುಗಿ ಬಾಯಿ ತೆರೆದಳು. ನಾನು ಹಗ್ಗ ಹಿಡಿದು ಕಿವಿ ಕೊಟ್ಟೆ.

“ಏನ್ರೀ,” ಎಂದಳು, “ಪರದಿ.”

ನಾನು ಎಳೆದೆ.