ಪ್ರಸಂಗಪೀಠದ ಮೇಲಿನ ಹಂಚು

ಎಲ್ಲದಕ್ಕೂ ಕಾರಣ ಒಂದು ಮಂಗ. ಕುಂದಾಪುರಕ್ಕೂ ಬ್ರಹ್ಮಾವರಕ್ಕೂ ನಡುವೆ ಇರುವ ಆ ಸಣ್ಣ ಪೇಟೆಯಲ್ಲಿ, ಪ್ರೊಟೆಸ್ಟೆಂಟ್ ಕ್ರೈಸ್ತರ ಹಳೆಯ ದೇವಾಲಯದ ಮಾಡಿನಿಂದ ಅದು ಬೀಳಿಸಿದ ಹಂಚಿನ ಚೂರಿನಲ್ಲಿ 1925 ಎಂಬ ಅಚ್ಚಿತ್ತು. ಸಭೆಯ ಕಾರ್ಯದರ್ಶಿ ಮಿಥುನ್ ಸೋನ್ಸ್ ಅದನ್ನು ಕಂಡದ್ದೇ ತಡ, ದೇವಾಲಯಕ್ಕೆ ನೂರು ತುಂಬಿತೆಂದು ಊರಿಗೆಲ್ಲ ಸಾರಿಬಿಟ್ಟ. ಶತಮಾನೋತ್ಸವ ನಿಗದಿಯಾಯಿತು, ಬಿಷಪರು ಬರಲೊಪ್ಪಿದರು. ಅವರ ಮುಂದೆ ದೇವಾಲಯದ ಚರಿತ್ರೆ ಹೇಳುವ ಭಾಗ್ಯ ಮಿಥುನನದು.

ಉತ್ಸವದ ಬೆಳಿಗ್ಗೆ ಸಭೆಯ ಹಿರಿಯಜ್ಜಿ ಅಮ್ಮಣ್ಣಿಬಾಯಿ ಊರುಗೋಲು ಕುಟ್ಟುತ್ತ ಬಂದರು.

"ಮಗಾ, ಬರೀ ನೂರ್ ವರ್ಷ ಅಂದ್ರ್ ಹ್ಯಾಂಗೆ? ನನ್ನ ಅಜ್ಜಿ ಅಜ್ಜನ್ನ ಮದಿ ಆದ್ದ್ ಇದೇ ಗ್ವಾಡಿ ಒಳ್ಗೆ. ನಂಗೇ ಎಂಬತ್ತೆಂಟ್ ಆಯ್ತ್, ನೀನೇ ಲೆಕ್ಕ ಹಾಕ್."

ಖಜಾಂಚಿ ಯತೀಶ್ ಬಾಯಿ ಹಾಕಿದ. "ಎಂತ ನೂರ್ ಮರಾಯಾ! ನನ್ನ ಅಪ್ಪಯ್ಯನ ಸಣ್ಣ ಪ್ರಾಯದಂಗೆ ಇದಕ್ಕೆ ಮಾಡೇ ಇರ್ಲಿಲ್ಲೆ ಅಂಬ್ರ್. ಬೇಕಾರೆ ಹತ್ತಿ ಬೇರೆ ಹಂಚ್ ಕಾಣ್."

ಮಿಥುನ ಮಾಡು ಹತ್ತಲು ಹೊರಟ. ಲೆಕ್ಕ ತಪ್ಪಿದರೆ ಇಡೀ ಪೇಟೆಯ ಮುಂದೆ ಮಾನ ಹರಾಜು. ದೇವಾಲಯದ ಪಕ್ಕದ ಮನೆಯ ಶೀನ, ದನ ಸಾಕಿಕೊಂಡಿದ್ದ ಸಾಧು ಮನುಷ್ಯ, ಏಣಿ ತಂದು ಹಿಡಿದುಕೊಂಡ.

"ಹ್ವಾಯ್ ಮಿಥುನಾ, ಆ ಹಂಚ್ ಇತ್ತಲೆ, ಅದ್..."

"ಶೀನಣ್ಣ, ಏಣಿ ಅಲ್ಲಾಡ್ತಿತ್ತ್! ಮಾತಾಡ್ಬೇಡಿ!"

ಮೊದಲ ಹಂಚು ಮಗುಚಿದರೆ 1912. ಅಮ್ಮಣ್ಣಿಬಾಯಿ ಕೆಳಗಿನಿಂದ ಚಪ್ಪಾಳೆ ತಟ್ಟಿದರು. ಪಕ್ಕದ್ದು 1938. ಈಗ ಯತೀಶನ ಸರದಿ. ಅದರಾಚೆಯದಕ್ಕೆ ಇಸವಿಯೇ ಇಲ್ಲ, ಬರೀ ಒಂದು ಆನೆಯ ಚಿತ್ರ. ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು? ತಲೆ ಗಿರ್ರೆಂದು ಕಾಲು ಜಾರಿ ಹಂಚೊಡೆದು, ಮಿಥುನನ ಒಂದು ಕಾಲು ದೇವಾಲಯದ ಒಳಗೂ ಇನ್ನೊಂದು ಹೊರಗೂ ಆಯಿತು.

ಒಳಗೆ ಪ್ರಾರ್ಥಿಸುತ್ತಿದ್ದ ಸಭಾಪಾಲಕರು ಕಣ್ಣು ತೆರೆದರೆ ನೆತ್ತಿಯ ಮೇಲೆ ಕಾಲು! ವಿಷಯ ತಿಳಿದ ಮೇಲೆ ಅವರೇ ತೀರ್ಪು ಕೊಟ್ಟರು.

"ನಾನು ನಿಂತು ಉಪದೇಶ ಮಾಡುವ ಪ್ರಸಂಗಪೀಠ ಇಲ್ಲದೆ ದೇವಾಲಯ ಉಂಟಾ? ಪೀಠದ ನೇರಕ್ಕಿರುವ ಹಂಚೇ ಅಂತಿಮ. ಅದು ನಿನ್ನ ಕಾಲಿನ ಪಕ್ಕದಲ್ಲೇ ಇದೆ ನೋಡು."

ಮಿಥುನ ಅದನ್ನು ಮಗುಚಿದ. 1925! ಅವನಿಗೆ ಅಳುವೇ ಬಂತು. ನಾಲ್ಕು ಜನ ಸೇರಿ ಅವನನ್ನೂ ಹಂಚನ್ನೂ ಜೋಪಾನವಾಗಿ ಇಳಿಸಿದರು.

ಸಂಜೆ ಬಿಷಪರು ಹಂಚಿಗೆ ಹಾರ ಹಾಕಿದರು. ಮಿಥುನ ಮುಕ್ಕಾಲು ಗಂಟೆ ಚರಿತ್ರೆ ಹೇಳಿದ. ಕೊನೆಗೆ ಉದಾರ ಮನಸ್ಸಿನಿಂದ, ಏಣಿ ಹಿಡಿದ ಶೀನಣ್ಣನೂ ಎರಡು ಮಾತಾಡಲಿ ಎಂದು ಮೈಕು ಕೊಟ್ಟ.

"ಬೆಳಿಗ್ಗೆ ಹೇಳುಕ್ ಹೊರಟೆ, ಮಿಥುನ ಬಿಡ್ಲಿಲ್ಲೆ," ಎಂದು ಶೀನ ಕೈ ಮುಗಿದ. "ನನ್ನ ಅಜ್ಜನ ಕಾಲದಂಗೆ ದೊಡ್ಡ ಗಾಳಿಗೆ ಇದ್ರ ಮಾಡ್ ಪೂರಾ ಹಾರಿ ಹೋಯ್ತ್ ಅಂಬ್ರ್. ಊರರೆಲ್ಲ ಅವ್ರವ್ರ ಮನಿಂದ ಹಂಚ್ ತಂದ್ ಹೊದ್ಸಿರ್. ಪೀಠದ ಮೇಲಿನ್ ಹಂಚ್ ನಮ್ದ್, ದನಿನ್ ಹಟ್ಟಿದ್. ನಮ್ಮ ಹಟ್ಟಿಗೆ ನೂರ್ ವರ್ಷ ಆದ್ದಕ್ಕೆ ಬಿಷಪರೇ ಬಂದ್ ಹಾರ ಹಾಕಿರಲೆ, ಬಾಳ ಖುಷಿ ಆಯ್ತ್."

ಊರೆಲ್ಲ ಹಂಚು ತಂದು ಹೊದಿಸಿದ ಮಾತು ಕೇಳಿ ಅಮ್ಮಣ್ಣಿಬಾಯಿಯ ಕಣ್ಣು ತುಂಬಿತು. ಬಿಷಪರು ಎದ್ದು ಶೀನನನ್ನು ತಬ್ಬಿಕೊಂಡರು. ಆಮೇಲೆ ಮೆಲ್ಲಗೆ ಮಿಥುನನ ಕಡೆ ತಿರುಗಿದರು.

"ಹಾಗಾದರೆ ಕಾರ್ಯದರ್ಶಿಗಳೇ, ಈಗ ದೇವಾಲಯದ ಚರಿತ್ರೆ ಹೇಳಿ."

ಶೀನ ಮೈಕನ್ನು ಒರೆಸಿ, ಗೌರವದಿಂದ ಮಿಥುನನ ಕೈಗೆ ಕೊಟ್ಟ.